ಸಿಟ್ಟು ಅಳೆಯುವ ಯಮನಮ್ಮ

ಬೆಳಗಿನ ಆರು ಗಂಟೆ. ಲಿಂಗಸುಗೂರಿನ ನಿವೃತ್ತ ಹೆಡ್‌ಮಾಸ್ತರ್ ಪಂಪಾಪತಿಯವರ ಪಡಸಾಲೆಯಲ್ಲಿ ಯಮನಮ್ಮ ಬಳೆ ಮೇಲೇರಿಸಿ, ಆರಡಿ ಉದ್ದದ ಮೀನಿನ ತೊಟ್ಟಿಯ ಗಾಜಿಗೆ ತೋರುಬೆರಳು ಒತ್ತಿ ನಿಂತಿದ್ದಾರೆ. "ಲಾಭ, ಎರಡ..." ಮೂರು ಎನ್ನುವಷ್ಟರಲ್ಲಿ ಹಣೆಯುಬ್ಬಿದ ಫ್ಲವರ್‌ಹಾರ್ನ್ ಮೀನು ಬಂದು ಗಾಜಿಗೆ ಗುದ್ದುತ್ತದೆ. ಭತ್ತ ಅಳೆಯುವವರು ಒಂದು ಎನ್ನದೆ ಲಾಭ ಎನ್ನುತ್ತಾರಲ್ಲ, ಯಮನಮ್ಮ ಮೀನಿನ ಸಿಟ್ಟನ್ನೂ ಹಾಗೇ ಅಳೆಯುತ್ತಾರೆ. ಎಣಿಕೆ ಕಡಿಮೆಯಾದಷ್ಟೂ ಸಿಟ್ಟು ಹೆಚ್ಚು. ತೊಟ್ಟಿಯ ಕೆಳಗಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಎಂದು ಬರೆಯುತ್ತಾರೆ.

ಮಸ್ಕಿಯ ಯಮನಮ್ಮನಿಗೆ ನಲವತ್ತೇಳು. ಸಿಂಧನೂರಿನ ಡಾಕ್ಟರೊಬ್ಬರ ಮನೆಯಲ್ಲಿ ಕಸ ಮುಸುರೆಗೆ ಸೇರಿ, ಮೀನಿನ ತೊಟ್ಟಿ ತೊಳೆಯಲು ಕಲಿತು ಹದಿನಾಲ್ಕು ವರ್ಷವಾಯಿತು. ಈಗ ಸಿಂಧನೂರಿನಲ್ಲಿ ಆರು ತೊಟ್ಟಿ, ಲಿಂಗಸುಗೂರಿನಲ್ಲಿ ಮೂರು, ತಮ್ಮೂರಿನಲ್ಲಿ ಎರಡು. ದಿನಕ್ಕೆ ಮೂವತ್ತು ಕೊಡ ನೀರು ಎತ್ತಿ ಬಲಭುಜ ಇಳಿದಿದೆ. ಎಲ್ಲ ತೊಟ್ಟಿಗೂ ಒಂದೇ ಬೆರಳು, ಅದೂ ಮೀನಿಗೆ ಊಟ ಹಾಕುವ ಮೊದಲೇ. "ಹೊಟ್ಟಿ ತುಂಬಿದ ಮ್ಯಾಲ ಯಾರ ಸ್ವಭಾವನೂ ತಿಳಿಯಂಗಿಲ್ರಿ."

ರೆಡ್ ಡೆವಿಲ್ ಎಂಬ ಮೀನು ನಾಲ್ಕು ಎಣಿಸುವಷ್ಟರಲ್ಲಿ ಏರಿಬರುತ್ತದೆ. ಅದೇ ಕುಲದ ಆಸ್ಕರ್ ಹತ್ತರವರೆಗೂ ತಡೆಯುತ್ತದೆ. ಮನಸ್ಸು ಕೆಟ್ಟರೆ ಮಗ್ಗುಲಾಗಿ ಮಲಗಿ ಮುನಿಸಿಕೊಳ್ಳುತ್ತದೆ. "ಥೇಟ್ ನಮ್ಮತ್ತಿ." ಮೊಟ್ಟೆ ಕಾಯುವಾಗ ಮಾತ್ರ ಎಲ್ಲವೂ ಲಾಭ ಎನ್ನುತ್ತಲೇ ಮೈಮೇಲೆ ಬೀಳುತ್ತವೆ. ಆಗ ಅವರು ಬೆರಳಿಡುವುದಿಲ್ಲ. "ಬಾಣಂತೀನ ಕೆಣಕಬಾರದ್ರಿ."

ಪಂಪಾಪತಿಯವರ ಫ್ಲವರ್‌ಹಾರ್ನ್ ಈಗಾಗಲೇ ಎರಡು ಜೊತೆಗಾರ ಮೀನುಗಳನ್ನು ಕೊಂದಿದೆ. ಎರಡು ಸಲವೂ ಮನೆಯವರು ಒಳ್ಳೆ ಗಳಿಗೆ ನೋಡಿ, ಲೈಟು ಹಾಕಿ, ಆರತಿ ಬೆಳಗಿ ಹೊಸ ಮೀನನ್ನು ಮನೆ ತುಂಬಿಸಿಕೊಂಡಿದ್ದರು. ಬೈಸಿಕೊಂಡವರು ಮಾತ್ರ ಯಮನಮ್ಮ. ಈ ಬೆಳಗು ಮೂರನೆಯದು ಬಂದಿದೆ, ಫ್ಲವರ್‌ಹಾರ್ನಿನಷ್ಟೇ ದೊಡ್ಡ ಆಸ್ಕರ್.

"ಇದೂ ಸತ್ರ ನಾಳಿಂದ ನೀ ಬರಬ್ಯಾಡವಾ," ಎನ್ನುತ್ತಾರೆ ಮಾಸ್ತರು. ಅವರು ಕೆಲಸ ಬಿಡಿಸಿದರೆ, ಅವರ ಮಾತಿನ ಮೇಲೆ ಯಮನಮ್ಮನನ್ನು ಕರೆದ ಮನೆಗಳೂ ಬಿಡಿಸುತ್ತವೆ.

"ಹಂಗಾರ ಈ ಸಲ ನಾ ಹೇಳಿದಂಗ ಆಗ್ಲಿ ಸರ್. ಆರತಿ ಒಳಗಿಡ್ರಿ."

ಯಮನಮ್ಮ ಫ್ಲವರ್‌ಹಾರ್ನನ್ನು ಹಿಡಿದು ನೀರಿನ ಟಬ್ಬಿಗೆ ಬಿಡುತ್ತಾರೆ. ಆಮೇಲೆ ತೊಟ್ಟಿಯ ಒಂದೊಂದು ಕಲ್ಲನ್ನೂ ಎತ್ತಿ ಜಾಗ ಬದಲಿಸುತ್ತಾರೆ. ಫ್ಲವರ್‌ಹಾರ್ನ್ ಕಾಯುತ್ತಿದ್ದ ಎಡಮೂಲೆಯ ಗುಹೆಯೇ ಇಲ್ಲವಾಗುತ್ತದೆ. ಲೈಟು ಆರಿಸಿ ಮೊದಲು ಆಸ್ಕರನ್ನು ಇಳಿಬಿಡುತ್ತಾರೆ.

"ಹಳಬನ ಹೊರಗ ಹಾಕಿ ಹೊಸಬಗ ಮನಿ ಬಿಟ್ಟುಕೊಟ್ಟಿಯಲ್ಲ," ಎಂದು ಮಾಸ್ತರರ ಹೆಂಡತಿ ಉಮಾದೇವಿ ನಗುತ್ತಾರೆ.

"ಇಬ್ರಿಗೂ ಹೊಸ ಮನಿ ಮಾಡೀನಿ ಅಕ್ಕಾ. ನಾ ಮದಿವ್ಯಾಗಿ ಬಂದಾಗ ನಾಕು ಮಂದಿ ನೆಗೆಣ್ಣೇರು. ಒಲಿ ಒಬ್ಬಾಕಿದು, ಮೂಲಿ ಒಬ್ಬಾಕಿದು. ನಾ ನಿಂತಲ್ಲೆಲ್ಲಾ ಅತ್ತ ಸರಿ, ಇತ್ತ ಸರಿ ಅಂತಿದ್ರು. ಹೊಂದ್ಕೊಂಡ ಹೋಗು ಅಂತ ನನಗ ಬುದ್ಧಿ ಹೇಳಿದ್ರು, ಒಂದ ಗಡಿಗಿ ಯಾರೂ ಕದಲಿಸಲಿಲ್ಲ."

ಉಮಾದೇವಿ ಸೆರಗು ಸಿಕ್ಕಿಸಿ, ಟಬ್ಬನ್ನು ಪಕ್ಕಕ್ಕೆ ಸರಿಸಲು ಅದರ ಇನ್ನೊಂದು ಬದಿ ಹಿಡಿಯುತ್ತಾರೆ.

ಎರಡು ತಾಸಿನ ಮೇಲೆ ಫ್ಲವರ್‌ಹಾರ್ನ್ ನೀರಿಗಿಳಿದು ತನ್ನ ಮೂಲೆ ಹುಡುಕುತ್ತದೆ. ಸಿಗುವುದಿಲ್ಲ. ಆಸ್ಕರಿನೆದುರು ಬಾಯಗಲಿಸಿ ನಿಲ್ಲುತ್ತದೆ, ಆಸ್ಕರೂ ಬಾಯಗಲಿಸುತ್ತದೆ. ಕೊನೆಗೆ ಎರಡೂ ಒಂದೊಂದು ಕಲ್ಲಿನ ಮರೆ ಸೇರುತ್ತವೆ.

ನಲವತ್ತು ದಿನಗಳ ನಂತರ ಮತ್ತೆ ಅದೇ ಪಡಸಾಲೆ, ಅದೇ ಬೆರಳು. ಮೊದಲ ವಾರ ಹರಿದ ಆಸ್ಕರಿನ ಬಾಲದ ತುದಿ ಕೂಡಿಕೊಂಡಿದೆ. ಫ್ಲವರ್‌ಹಾರ್ನ್ ಗಾಜಿನ ಹತ್ತಿರ ಬರುವುದು ಈಗ ಏಳು ಎಣಿಸಿದ ಮೇಲೆ. ಮಾಸ್ತರು ಸಿಂಧನೂರಿನ ಗೆಳೆಯರಿಗೆ ಫೋನು ಹಚ್ಚಿ, "ಮೀನ ತರೂ ಮೊದಲ ನಮ್ಮ ಯಮನಮ್ಮನ್ನ ಕೇಳ್ರಿ," ಎನ್ನುತ್ತಿದ್ದಾರೆ. ಈ ತಿಂಗಳು ಹೊಸದಾಗಿ ನಾಲ್ಕು ಮನೆಯವರು ಕರೆದಿದ್ದಾರೆ. ಯಮನಮ್ಮ ಎರಡನ್ನು ಅಳಿಸಿ ಏಳು ಬರೆದು, ಕೈಯ ಸುಣ್ಣ ಕೊಡವಿಕೊಳ್ಳುತ್ತಾರೆ.

ಮುಂದಿನ ತಿಂಗಳು ಯಮನಮ್ಮನ ಮಗನ ಮದುವೆ. ಏನಾದರೂ ಆಸೆ ಇದೆಯೇ ಎಂದು ಉಮಾದೇವಿ ಕೇಳುತ್ತಾರೆ.

"ಅಂಥಾದ್ದೇನಿಲ್ರಿ. ಅಡಗಿಮನಿ ಡಬ್ಬಿ, ಗಡಿಗಿ ಎಲ್ಲಾ ಕೆಳಗ ಇಳಿಸಿಟ್ಟೀನಿ. ಸೊಸಿ ಬಂದ ಮ್ಯಾಲ ಇಬ್ರೂ ಕೂಡಿ ಜೋಡಸ್ತೀವಿ. ಮೊದಲನೇ ಡಬ್ಬಿ ಅಕಿನ ಇಡಲಿ."