ಮಣಿಯಕ್ಕ ಕೈಬಿಟ್ಟ ವ್ಯತ್ಯಾಸ

ನಮ್ಮ ಪ್ರಯೋಗಾಲಯದಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಮಣಿಯಕ್ಕ. ಡಿಎನ್‌ಎ ಎಂದರೆ ಕೋಟಿಗಟ್ಟಲೆ ಪರಮಾಣು. ಒಂದೊಂದರ ಚಲನೆಯನ್ನೂ ಲೆಕ್ಕ ಹಾಕುತ್ತಾ ಕೂತರೆ ಕಂಪ್ಯೂಟರಿಗೇ ಮುಪ್ಪು ಬಂದೀತು. ಮಣಿಯಕ್ಕ ಹತ್ತಾರು ಪರಮಾಣುಗಳನ್ನು ಗುಡ್ಡೆ ಹಾಕಿ ಒಂದು ಮಣಿ ಎಂದುಬಿಡುತ್ತಿದ್ದರು. ವರ್ಷದ ಕೆಲಸ ವಾರದಲ್ಲಿ ಮುಗಿಯುತ್ತಿತ್ತು. "ಸರ ಎಷ್ಟುದ್ದ ಆಯ್ತು ಮಣಿಯಕ್ಕಾ?" ಎಂದು ಯಾರಾದರೂ ರೇಗಿಸಿದರೆ, "ನಿನ್ನ ನಾಲಿಗೆಗಿಂತ ಗಿಡ್ಡ" ಎನ್ನುತ್ತಿದ್ದರು.

ನಾನು ಅಲ್ಲಿ ಯಂತ್ರಗಳ ಕೋಣೆ ನೋಡಿಕೊಳ್ಳುವವನು. ಮೂಗಿನ ತುದಿಯಲ್ಲೇ ಕೋಪ ಎಂದು ಹೆಸರಾದವನು. ಸರದಿ ತಪ್ಪಿಸಿ ಯಾರಪ್ಪನ ಕೆಲಸವನ್ನೂ ಯಂತ್ರಕ್ಕೆ ಹಾಕಿದವನಲ್ಲ. ಆದರೆ ಆ ಸಲ ಮಣಿಯಕ್ಕ ಬಾಗಿಲಲ್ಲೇ ನಿಂತು, "ನನ್ನ ತಂಗಿ ಮಗಳದ್ದು ಕಣಪ್ಪಾ" ಎಂದಾಗ ಅವರ ಕೆಲಸವನ್ನೇ ಮೊದಲು ಹಾಕಿದೆ.

ಏಳು ವರ್ಷದ ಹುಡುಗಿ. ಕಾಲಿನ ಬಲ ದಿನೇ ದಿನೇ ಕುಂದುತ್ತಿತ್ತು. ಅವಳ ಡಿಎನ್‌ಎಯಲ್ಲಿ ಒಂದು ಕಡೆ 'ಟಿ' ಎಂಬ ಅಕ್ಷರ ಇರಬೇಕಾದಲ್ಲಿ 'ಎ' ಇದೆ ಎಂದು ಆಸ್ಪತ್ರೆಯವರು ಕಂಡುಹಿಡಿದಿದ್ದರು. ಕಾಯಿಲೆ ಅದರಿಂದಲೇ ಬಂತೇ ಎಂದು ಕೇಳಿದರೆ ಗೊತ್ತಿಲ್ಲವೆಂದು ಕೈಚೆಲ್ಲುತ್ತಿದ್ದರು. ಆ ಅಕ್ಷರದಿಂದ ಡಿಎನ್‌ಎ ಎಳೆ ಬೇರೆ ರೀತಿ ಬಾಗುತ್ತದೆಯೇ ಎಂದು ಮಣಿಯಕ್ಕ ನೋಡಬೇಕಿತ್ತು. ಬಾಗಿದರೆ, ಮದ್ದು ಹುಡುಕಲು ಒಂದು ದಾರಿ. ತಂಗಿ ಆ ಉತ್ತರಕ್ಕಾಗಿ ಜೀವ ಕೈಯಲ್ಲಿ ಹಿಡಿದು ಕಾದಿದ್ದಳು.

ಹದಿನೆಂಟು ದಿನ ಯಂತ್ರ ಓಡಿತು. ಪರದೆಯ ಮೇಲೆ ಆರೋಗ್ಯವಂತರ ಎಳೆ ಬಾಗುವ ಗೆರೆ, ಮಗುವಿನ ಎಳೆಯ ಗೆರೆ, ಎರಡೂ ಒಂದರ ಮೇಲೊಂದು ಕೂತವು. "ಇಷ್ಟೊಂದು ಹೊಂದಬಾರದು" ಎನ್ನುತ್ತಾ ಮಣಿಯಕ್ಕ ತಮ್ಮ ಹಳೆಯ ಪ್ರೋಗ್ರಾಂ ತೆಗೆದರು. ಒಂಬತ್ತು ವರ್ಷದ ಹಿಂದೆ ತಾವೇ ಬರೆದಿದ್ದ ಸಾಲು ಸಿಕ್ಕಿತು: ಎ-ಟಿ ಜೋಡಿಯಾಗಲಿ, ಟಿ-ಎ ಜೋಡಿಯಾಗಲಿ, ಸದ್ಯಕ್ಕೆ ಎರಡೂ ಒಂದೇ. ಡಿಎನ್‌ಎಯಲ್ಲಿ ಎ ಎದುರಿಗೆ ಸದಾ ಟಿ ಕೂರುತ್ತದೆ; ಯಾವುದು ಯಾವ ಕಡೆ ಎನ್ನುವುದನ್ನು ಲೆಕ್ಕ ಬೇಗ ಮುಗಿಯಲೆಂದು ಬಿಟ್ಟಿದ್ದರು. ಆಮೇಲೆ ಅವರು ಮರೆತರು, ಬಳಸಿದ ನಾವ್ಯಾರೂ ಕೇಳಲಿಲ್ಲ. ನನಗೆ ಮೈಯೆಲ್ಲಾ ಉರಿಯಿತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಮಧ್ಯಾಹ್ನ ತಂಗಿ ಬಂದಳು. "ಅಕ್ಕಾ, ಏನಂತು ಕಂಪ್ಯೂಟರ್?"

ಏನೋ ಒಂದು ಹೇಳಿ ಸಾಗಹಾಕಬಹುದಿತ್ತು. ಮಣಿಯಕ್ಕ ಹಾಗೆ ಮಾಡಲಿಲ್ಲ.

"ಏನೂ ಹೇಳ್ಲಿಲ್ಲ ಕಣೇ. ತಪ್ಪು ನಂದೇ. ಪುಟ್ಟಿಗಿರೋ ಆ ವ್ಯತ್ಯಾಸಾನೇ ನಾನು ಲೆಕ್ಕದಿಂದ ಬಿಟ್ಟುಬಿಟ್ಟಿದ್ದೆ. ಈ ಲೆಕ್ಕದಲ್ಲಿ ಅವಳಿಗೂ ಬೇರೆ ಮಕ್ಕಳಿಗೂ ಏನೂ ಫರಕಿಲ್ಲ. ಮಣಿಗಳನ್ನೆಲ್ಲಾ ಮೊದಲಿಂದ ಮಾಡ್ಬೇಕು. ಎರಡು ವರ್ಷ ಹಿಡಿಯುತ್ತೆ."

ಮಗುವಿನ ಕಾಲಿಗೆ ಅಷ್ಟು ಸಮಯವಿದೆಯೇ ಎಂದು ಮೂವರಲ್ಲಿ ಯಾರೂ ಕೇಳಲಿಲ್ಲ. ತಂಗಿ ಬಾಯಿಗೆ ಬಂದಂತೆ ಬೈಯುತ್ತಾಳೆ ಎಂದುಕೊಂಡೆ. ನಾನಾಗಿದ್ದರೆ ಬೈಯುತ್ತಿದ್ದೆ. ಅವಳು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು.

"ಹಾಗಾದ್ರೆ ಇದರಲ್ಲಿ ಅವಳು ಚೆನ್ನಾಗಿದ್ದಾಳೆ, ಅಲ್ವಾ?" ಎಂದಳು. "ಪರದೆ ಮೇಲೆ ಒಂಚೂರು ಓಡಿಸಕ್ಕಾ. ನೋಡ್ತೀನಿ."

ಮಣಿಯಕ್ಕ ಕುರ್ಚಿಯ ಹಿಂದೆ ಹೋಗಿ ತಂಗಿಯ ಹೆಗಲ ಮೇಲೆ ಎರಡೂ ಕೈ ಇಟ್ಟರು. ಗುಂಡಿ ಒತ್ತಿದ್ದು ನಾನು.