ನೀರ್‌ಡಬ್ಬದ ರಾಗಿ ಹಿಟ್ಟು

ನನ್ನ ಮಾವನವರ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬಿಳಿಚಿಕೊಂಡಿತ್ತು. ಸುಟ್ಟ ಗಾಯ ಮಾಯ್ದರೂ ಚರ್ಮಕ್ಕೆ ಮೊದಲಿನ ಬಣ್ಣ ಬರಲೇ ಇಲ್ಲ. ಊರವರೆದುರು ಆ ಕೈಯನ್ನು ಅವರು ಮುಚ್ಚಿಕೊಂಡವರಲ್ಲ. ಜಗಲಿಯ ಮೇಲೆ ಅಂಗಿಯ ತೋಳು ಮಡಿಸಿಕೊಂಡೇ ಎಲೆಅಡಿಕೆ ಹಾಕುತ್ತಿದ್ದರು. ನಾನು ಬಡಿಸಲು ಬಂದರೆ ಮಾತ್ರ ಹೆಗಲ ಮೇಲಿನ ವಸ್ತ್ರವನ್ನು ಕೈಮೇಲೆ ಇಳಿಬಿಟ್ಟುಕೊಂಡು ಮುದ್ದೆ ಮುರಿಯುತ್ತಿದ್ದರು.

ನಾನು ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದಾಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ನನ್ನ ತವರು ಮೈಸೂರಿಗೆ. ಮಧ್ಯಾಹ್ನದೊಳಗೆ ಹೋಗಿ ಬರಬಹುದಾದ ಊರು, ಹೇಳಿಕೊಳ್ಳುವುದಕ್ಕೆ ಬೇರೆ ರಾಜ್ಯ. ಅತ್ತೆ ನಾನು ಬರುವ ಮುಂಚೆಯೇ ತೀರಿಹೋಗಿದ್ದರು. ಗಂಡ ಹನೂರಿನಲ್ಲಿ ಮೇಷ್ಟ್ರು, ವಾರಕ್ಕೊಮ್ಮೆ ಬರುವವರು. ಅಷ್ಟು ದೊಡ್ಡ ಮನೆಯಲ್ಲಿ ಉಳಿದದ್ದು ನಾನು, ಮಾವನವರು, ಹಿತ್ತಿಲಲ್ಲಿ ಒಂದು ಕಂದು ಹಸು.

ಸೊಸೆ ಮಾವನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ. ಹಾಗಾಗಿ ಮಾವನವರು ಹಸುವಿನ ಜೊತೆ ಮಾತಾಡುತ್ತಿದ್ದರು. ‘ಏನವ್ವಾ, ಇಟ್ಟು ಬೆಂದದಾ?’ ಎಂದು ಹಸುವನ್ನು ಕೇಳಿದರೆ ನಾನು ಅಡುಗೆಮನೆಯಿಂದ, ‘ಬೆಂದದೆ ಕನವ್ವಾ, ಕೈ ತೊಳ್ಕಂಡು ಬರಕೇಳು’ ಎಂದು ಅದೇ ಹಸುವಿಗೆ ಹೇಳುತ್ತಿದ್ದೆ. ನಮ್ಮಿಬ್ಬರ ಸಂಸಾರದ ವ್ಯವಹಾರವೆಲ್ಲ ಆ ಮೂಕಪ್ರಾಣಿಯ ಕಿವಿಯ ಮೂಲಕವೇ ನಡೆಯುತ್ತಿತ್ತು. ಹಸು ಮೇಯಲು ಹೋದ ಹೊತ್ತಿನಲ್ಲಿ ಮನೆ ತೆಪ್ಪಗಿರುತ್ತಿತ್ತು.

ಅವರ ಇನ್ನೊಂದು ಪ್ರಾಣ ಕಾರು. ಬೆಟ್ಟದ ಕಾಫಿ ತೋಟದ ದೊರೆಯೊಬ್ಬ ಊರು ಬಿಡುವಾಗ ಅವನಿಂದ ಮಾವನವರು ಕೊಂಡುಕೊಂಡಿದ್ದ ಹಳೇ ಕಾರು. ತಾವು ಮೀಯುವ ಮುಂಚೆ ಅದನ್ನು ಮೀಯಿಸುತ್ತಿದ್ದರು, ಸೋಮವಾರ ಅದರ ಮೂತಿಗೆ ವಿಭೂತಿ ಬಳಿಯುತ್ತಿದ್ದರು. ಕೂಗಳತೆಯಲ್ಲಿದ್ದ ಹಿಪ್ಪುನೇರಳೆ ತೋಟಕ್ಕೂ ಕಾರಿನಲ್ಲೇ ಹೋಗಿ, ಅದನ್ನು ತಿರುಗಿಸಿ ನಿಲ್ಲಿಸುವುದರಲ್ಲೇ ಬೆಳಗು ಕಳೆಯುತ್ತಿದ್ದರು. ಬಸ್ಸು ಹತ್ತುವವರನ್ನು ಕಂಡರೆ ಅವರಿಗೆ ಕನಿಕರ. ‘ಪಾಪ, ಕುರಿ ತುಂಬ್ದಂಗೆ ತುಂಬ್ತಾರೆ’ ಎನ್ನುತ್ತಿದ್ದರು. ಜಂಬದ ಮನುಷ್ಯ ಅಂತ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಆದರೆ ಕೆಟ್ಟ ಮನುಷ್ಯ ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ಒಂದು ಸಂತೆಯ ದಿನ ಎತ್ತಿನಗಾಡಿಯ ಮೂಕಿಮರ ಬಡಿದು ಕಾರಿನ ಮುಂದಿನ, ಎಂಜಿನ್ ತಣಿಸುವ ರೇಡಿಯೇಟರ್ ಒಡೆಯಿತು. ನಮ್ಮ ಮನೆಯಲ್ಲಿ ಅದಕ್ಕೆ ನೀರ್‌ಡಬ್ಬ ಅಂತಲೇ ಹೆಸರು. ನೀರು ಹನಿಹನಿಯಾಗಿ ಸೋರತೊಡಗಿತು. ಇಂಥ ಸೋರಿಕೆಗೆ ಲಾರಿಯವರು ಅರಿಸಿನದ ಪುಡಿ ಹಾಕುತ್ತಾರೆಂದು ಮಾವನವರು ಎಲ್ಲೋ ಕೇಳಿದ್ದರು. ಅರಿಸಿನವೇ ಹಿಡಿಯುವುದಾದರೆ ರಾಗಿ ಇನ್ನೂ ಗಟ್ಟಿಯಾಗಿ ಹಿಡಿಯಬೇಕು ಎಂಬುದು ಅವರ ಲೆಕ್ಕ. ರಾಗಿ ಉಂಡು ಬೆಳೆದವರಿಗೆ ಬೇರೆ ಲೆಕ್ಕ ಹೊಳೆಯುವುದಾದರೂ ಹೇಗೆ? ‘ಒಸಿ ಇಟ್ಟು ಕೊಡವ್ವಾ’ ಎಂದು ಹಸುವನ್ನು ಕೇಳಿ, ನಾನು ಬಾಗಿಲ ಬಳಿ ಇಟ್ಟ ರಾಗಿ ಹಿಟ್ಟಿನ ಮೊರವನ್ನು ಎತ್ತಿಕೊಂಡು ಹೋಗಿ ಡಬ್ಬಕ್ಕೆ ಸುರಿದರು. ಸೋರುವುದು ನಿಂತಿತು. ಅವತ್ತಿಡೀ ಮೀಸೆ ತಿರುವುತ್ತ ಓಡಾಡಿದರು.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ನಮ್ಮಪ್ಪ ಹೋಗಿಬಿಟ್ಟ ಸುದ್ದಿ ಬಂತು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುತ್ತಾರೆ ಅಂತ ಹೇಳಿಕಳಿಸಿದ್ದರು. ಕೊಳ್ಳೇಗಾಲದ ನಮ್ಮ ನೆಂಟರೆಲ್ಲ ಬಸ್ಸಿಗೆ ಕಾದು ನಿಂತಿದ್ದರು. ಅವರಲ್ಲೊಬ್ಬ ಮುದುಕಿ ನನ್ನನ್ನೂ ಬಸ್ಸಿಗೇ ಕರೆದಳು. ಮಾವನವರು ಕಾರಿನೊಳಗಿಂದಲೇ, ‘ನಮ್ ಮನೆ ಸೊಸೆ ಬಸ್ಸಲ್ಲಿ ಓದಾಳಾ? ನಿಮ್ಗಿಂತ ಮುಂಚೆ ಓಗಿ ಇರ್ತೀವಿ, ಬನ್ನಿ’ ಎಂದು ಹಾರನ್ ಹೊಡೆದು ಹೊರಟರು. ನಾನು ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕೂತಿದ್ದೆ. ಅಪ್ಪನ ಮುಖ ನೋಡಬೇಕು, ಒಂದು ಹಿಡಿ ಮಣ್ಣು ಹಾಕಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ದಾರಿಯ ನಡುವಿನ ಮಾಂಬಳ್ಳಿ ಇನ್ನೂ ದೂರವಿರುವಾಗ ಕಾರು ಹೊಗೆಯಾಡಿ ನಿಂತಿತು. ಮಾವನವರು ತಣಿಯಲು ಬಿಟ್ಟರು, ಗದ್ದೆಯಿಂದ ನೀರು ತಂದು ಸುರಿದರು, ಸ್ವಲ್ಪ ದೂರ ಓಡಿಸಿದರು, ಮತ್ತೆ ನಿಂತಿತು. ಬಿಸಿಲು ನೆತ್ತಿಗೇರಿತು. ಆಗ ಹಿಂದಿನಿಂದ ಬಸ್ಸಿನ ಸದ್ದು ಕೇಳಿಸಿತು. ನೆಂಟರ ಕಣ್ಣಿಗೆ ಬೀಳುವ ಮುಂಚೆ ಹೊರಟುಬಿಡಬೇಕೆಂಬ ಆತುರದಲ್ಲಿ ಅವರು ಕುದಿಯುತ್ತಿದ್ದ ಡಬ್ಬದ ಮುಚ್ಚಳ ತಿರುವಿದರು. ನೀರು ಚಿಮ್ಮಲಿಲ್ಲ, ಅಂಬಲಿ ಚಿಮ್ಮಿತು. ಕುದಿಯುವ ರಾಗಿ ಅಂಬಲಿ ತೋಳಿಗೆ ಅಂಟಿಕೊಂಡು ಕೂತಿತು. ಅವರು ಅದನ್ನು ವಸ್ತ್ರದಿಂದ ಒರೆಸುತ್ತಿರುವಾಗಲೇ ಬಸ್ಸು ಬಂತು, ನಿಧಾನಿಸಿತು. ಕಂಡಕ್ಟರು ಬಾಗಿಲಲ್ಲಿ ಜೋತು, ‘ಸ್ವಾಮ್ಯಾರೇ, ಬತ್ತೀರಾ?’ ಎಂದ.

ಮಾವನವರು ಬಾನೆಟ್ಟಿನೊಳಗೆ ತಲೆ ತೂರಿಸಿ, ಆ ಸುಟ್ಟ ಕೈಯನ್ನೇ ಹಿಂದಕ್ಕೆ ಚಾಚಿ, ಹೋಗಿ ಹೋಗಿ ಎಂದು ಬೀಸಿದರು.

ನಾನು ಬಾಯಿ ತೆರೆದೆ. ಆ ರಸ್ತೆಯಲ್ಲಿ ಹಸು ಇರಲಿಲ್ಲ. ಯಾರಿಗೆ ಹೇಳಲಿ? ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಕೊನೆಗೆ ಎತ್ತಿನಗಾಡಿಯೊಂದು ಸಿಕ್ಕಿ ನಾವು ಯಳಂದೂರು ಮುಟ್ಟಿದಾಗ ಗಂಡಸರು ಮಣ್ಣು ಮಾಡಿ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು.

ಕಾರನ್ನು ಎತ್ತು ಕಟ್ಟಿ ಮನೆಗೆ ಎಳೆಸಿದರು. ಬಸ್‌ಸ್ಟ್ಯಾಂಡಿನ ಬಳಿ ಕಾರು ರಿಪೇರಿಯ ಒಳ್ಳೆಯ ಮೇಸ್ತ್ರಿಯಿದ್ದ. ಕರೆದಿದ್ದರೆ ಬರುತ್ತಿದ್ದ. ಮಾವನವರು ಕರೆಯಲಿಲ್ಲ. ಬಿಚ್ಚಿದರೆ ಒಳಗಿನದು ಕಾಣುತ್ತದೆ, ಕಂಡರೆ ಸಂಜೆಯೊಳಗೆ ಊರು ತುಂಬ ಅಂಬಲಿ ಕಾರು ಅಂತ ಹೆಸರು. ಮೈಸೂರಿನಿಂದ ಬೇರೆ ಡಬ್ಬ ತರಿಸಿ, ಕೊಟ್ಟಿಗೆಯ ಪಕ್ಕ ತಾವೇ ಕೂಡಿಸಲು ಕೂತರು. ಬಲಗೈಗೆ ಬಟ್ಟೆ ಸುತ್ತಿತ್ತು. ಎಡಗೈಯಲ್ಲಿ ಸ್ಪಾನರ್ ಹಿಡಿದು, ಕೆಳಗಿನ ತಿರುಪು ಬಿಚ್ಚಿ ಉಳಿದ ನೀರು ಇಳಿಸಿದರು. ಮೇಲೊಂದು ಕೆಳಗೊಂದು ಇದ್ದ ರಬ್ಬರ್ ಪೈಪುಗಳನ್ನು ಕಿತ್ತರು. ಬೋಲ್ಟು ಸಡಿಲಿಸಿದರು. ಆದರೆ ಹಿಂದಿನ ಫ್ಯಾನಿಗೆ ತಾಗದಂತೆ ಡಬ್ಬವನ್ನು ನೆಟ್ಟಗೆ ಮೇಲೆತ್ತಲು ಒಂದು ಕೈ ಸಾಲದು. ನಾನು ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸುಳ್ಳು ಹೇಳುವುದೇಕೆ, ಅವರು ಒದ್ದಾಡುವುದನ್ನು ನೋಡಿ ನನಗೆ ಹಾಯೆನಿಸುತ್ತಿತ್ತು.

ಅವರು ಹಸುವಿನ ಕಡೆ ತಿರುಗಿದರು. ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡರು. ಆಮೇಲೆ ನನ್ನ ಕಡೆಗೇ ತಿರುಗಿ, ನೆಲ ನೋಡುತ್ತ, ‘ಬಾ ಮಗಾ, ಒಸಿ ಇಡ್ಕ’ ಎಂದರು.

ಮದುವೆಯಾದ ಮೇಲೆ ಅವರು ನನಗೇ ಅಂತ ಆಡಿದ ಮೊದಲ ಮಾತು ಅದು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ಹಿಡಿದೆ. ಮಾವನ ಉಸಿರು ತಾಗುವಷ್ಟು ಹತ್ತಿರ ನಿಂತು ನನಗೆ ಮೈಯೆಲ್ಲ ಮುದುಡುವಷ್ಟು ನಾಚಿಕೆ. ಅವರಿಗೆ ನನಗಿಂತ ಹೆಚ್ಚು. ಹಳೇ ಡಬ್ಬ ಮೇಲೆ ಬಂತು. ಅದರ ಸಣ್ಣ ಸಣ್ಣ ಕೊಳವೆಗಳ ತುಂಬ ರಾಗಿ ಒಣಗಿ ಕಲ್ಲಾಗಿತ್ತು, ತಳ ಹಿಡಿದ ಮಡಕೆಯ ವಾಸನೆ. ಹೊಸದನ್ನು ನಾನು ಎತ್ತಿ ಹಿಡಿದೆ, ಅವರು ಕೆಳಗೆ ಮಲಗಿ ವಾಷರ್ ಕೂರಿಸಿ ಬೋಲ್ಟು ಬಿಗಿದರು. ‘ಬುಡಬ್ಯಾಡ ಮಗಾ, ಇನ್ನೊಸಿ ಈ ಕಡೀಕೆ’ ಎಂದು ಕೆಳಗಿನಿಂದ ಹೇಳುತ್ತಿದ್ದರು. ಆಮೇಲೆ ಅಲ್ಲಿಂದಲೇ ಕೇಳಿದರು:

‘ಅವತ್ತು ಬಸ್ಸು ಬಂದಾಗ ನೀನ್ಯಾಕವ್ವಾ ಸುಮ್ಕಿದ್ದೆ?’

‘ಯಾರ್ಗೆ ಏಳ್ಲಿ ಮಾವ?’ ಎಂದೆ.

ಕೊನೆಯ ಬೋಲ್ಟು ಬಿಗಿದು ಅವರು ಕಾರಿನ ಕೆಳಗಿನಿಂದ ಹೊರಬಂದರು.

ಪೈಪು ಬಿಗಿದು, ನೀರು ತುಂಬಿಸಿ, ಕಾರನ್ನು ನಿಂತಲ್ಲೇ ಓಡಿಸಿ ನೋಡಿದರು. ಒಂದು ಹನಿ ಸೋರಲಿಲ್ಲ. ಮಾಮೂಲಿನಂತೆ ಮೀಸೆ ತಿರುವುತ್ತಾರೆ ಅಂದುಕೊಂಡೆ. ಅವರು ಸದ್ದು ನಿಲ್ಲಿಸಿ, ಹಳೇ ಡಬ್ಬವನ್ನು ಗೋಣಿಯಲ್ಲಿ ಸುತ್ತಿ, ‘ಇದ ಯಾರ್ಗೂ ಏಳ್ಬ್ಯಾಡ’ ಎಂದರು. ಹೇಳುವುದಿಲ್ಲ ಎಂದು ತಲೆಯಾಡಿಸಿದೆ.

ಅಪ್ಪನ ಉತ್ತರಕ್ರಿಯೆಯ ಆರಾಧನೆಗೆ ಹೊರಟ ಬೆಳಿಗ್ಗೆ ಕಾರು ಬಾಗಿಲಲ್ಲೇ ನಿಂತಿತ್ತು. ಮಾವನವರು ಅದನ್ನು ದಾಟಿ ನಡೆದರು. ಬಸ್ಸಿನಲ್ಲಿ ನಿಂತೇ ಬಂದರು, ಬಗಲಲ್ಲಿ ಒಂದು ಗೋಣಿ. ಯಳಂದೂರಿನಲ್ಲಿ ಪಂಕ್ತಿ ಏಳುವ ಮುಂಚೆ, ನಮ್ಮ ಕಡೆಯವರೆಲ್ಲ ಕೂತಿರುವಾಗ, ಗೋಣಿ ಬಿಚ್ಚಿ ಆ ಡಬ್ಬವನ್ನು ನನ್ನ ಅವ್ವನ ಮುಂದೆ ಇಟ್ಟರು.

‘ಇದ್ಕೆ ನಾನೇ ರಾಗಿ ಇಟ್ಟು ಆಕಿದ್ದೆ ಕನವ್ವಾ. ಕಾರು ಕೆಟ್ಟುದ್ದು ಅದ್ಕೆ. ಅದಾದ್ರೂ ಓಗ್ಲಿ. ಬಸ್ಸು ಬಂದು ನಿಂತ್ಕಂಡು ಕರೀತು. ನಾನು ಕೈ ಬೀಸಿ ಕಳುಸ್ಬುಟ್ಟೆ, ನಗ್ತಾರೆ ಅಂತ. ನಿನ್ ಮಗ್ಳ ಇಡಿ ಮಣ್ಣ ನಾನ್ ಕಿತ್ಕಂಡೆ.’

ನಮ್ಮ ಚಿಕ್ಕಪ್ಪ ಡಬ್ಬದೊಳಗೆ ಬೆರಳಿಟ್ಟು ನೋಡಿ ನಕ್ಕರು. ಅವರು ನಕ್ಕಮೇಲೆ ಇನ್ನೂ ನಾಲ್ಕು ಜನ ನಕ್ಕರು. ಅವ್ವ ನಗಲಿಲ್ಲ, ಎದ್ದು ಒಳಗೆ ಹೋದಳು. ಮಾವನವರು ಅಷ್ಟು ಜನರ ನಡುವೆ ತಲೆ ತಗ್ಗಿಸಿ ನಿಂತೇ ಇದ್ದರು. ನನಗೋ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಮನೆಯ ಯಜಮಾನರು ನನ್ನ ತವರಿನಲ್ಲಿ ಹೀಗೆ ನಿಂತರಲ್ಲ ಎಂದು ಅವರ ಮೇಲೆಯೇ ಸಿಟ್ಟು ಬಂತು. ಆ ಸಿಟ್ಟು ಇಳಿಯುತ್ತ ಇಳಿಯುತ್ತ ನನ್ನಪ್ಪನ ವಿಷಯದ ಸಿಟ್ಟನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಆದರೆ ಅವರ ನಾಚಿಕೆ ಮಾತ್ರ ಇಳಿಯಲಿಲ್ಲ. ಊರು ಮರೆತಮೇಲೂ ನಾನು ಬಡಿಸುವಾಗ ವಸ್ತ್ರ ಕೈಮೇಲೆ ಬೀಳುತ್ತಲೇ ಇತ್ತು.

ಹಸುವಿನ ಜೊತೆ ಮಾತ್ರ ಮತ್ತೆ ಮಾತಾಡಲಿಲ್ಲ. ಬೇಕಾದ್ದನ್ನು ನನಗೇ ಕೇಳಿದರು, ನಾನೂ ಅವರಿಗೇ ಹೇಳಿದೆ, ಎಷ್ಟೋ ಸಲ ಜೋರಾಗಿಯೇ ಹೇಳಿದೆ. ಅಕ್ಕಪಕ್ಕದವರು ಆಡಿಕೊಂಡರು. ‘ಆಡ್ಕಳ್ಳಿ ಬುಡು ಮಗಾ, ನನ್ಗೆ ಅಭ್ಯಾಸ ಆಗ್ಬುಟ್ಟದೆ’ ಎಂದು ಅವರು ನಗುತ್ತಿದ್ದರು.

ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ‘ಮೊದ್ಲ ಇಡಿ ಮಣ್ಣ ಅವ್ಳು ಆಕ್ಲಿ, ನೀನಲ್ಲ’ ಎಂದರು. ಅವರು ತೀರಿಕೊಂಡ ದಿನ ಹಿರಿಯರು ಇದಕ್ಕೆ ಒಪ್ಪಲಿಲ್ಲ, ನನ್ನ ಗಂಡ ಒಪ್ಪಿಸಿದರು. ಗುಂಡಿಯಲ್ಲಿ ಮಾವನವರನ್ನು ಕೂರಿಸಿದ್ದರು. ಬಿಳಿ ಕೈ ಮಡಿಲ ಮೇಲೆ ಹಾಗೇ ಬಿಚ್ಚಿಕೊಂಡು ಮಲಗಿತ್ತು, ಮುಚ್ಚಲು ಯಾರಿಗೂ ನೆನಪಾಗಿರಲಿಲ್ಲ. ನಾನು ಇಳಿದು ವಸ್ತ್ರದ ತುದಿ ಎಳೆದು ಆ ಕೈಮೇಲೆ ಹೊದಿಸಿ, ಮೇಲೆ ಬಂದು ಒಂದು ಹಿಡಿ ಮಣ್ಣು ಹಾಕಿದೆ. ಪಕ್ಕಕ್ಕೆ ಸರಿ ಎಂದು ಯಾರೋ ಹೇಳಿದರು. ನಾನು ಸರಿಯದೆ ಬಗ್ಗಿ ಇನ್ನೊಂದು ಹಿಡಿ ಎತ್ತಿಕೊಂಡೆ. ಅದು ನಮ್ಮಪ್ಪನದು.