ಅಕ್ಕ ಅಳದ ಸಿನಿಮಾ

ಅಕ್ಕ ಗಂಡನ ಮನೆ ಬಿಟ್ಟು ತುಮಕೂರಿನಿಂದ ಒಬ್ಬಳೇ ಬಸ್ಸು ಹತ್ತಿ ಬಂದು ಮೂರು ತಿಂಗಳಾಗಿತ್ತು. ಅವಳ ಎಡಗೈ ಮೇಲೆ ಅತ್ತೆ ಸೌಟು ಕಾಸಿ ಇಟ್ಟ ಬರೆಯಿತ್ತು. ಕೇಳಿದವರಿಗೆಲ್ಲ ಅಮ್ಮ, ಒಗ್ಗರಣೆ ಸಿಡಿಯಿತು ಅನ್ನುತ್ತಿದ್ದಳು. ಎಪ್ಪತ್ತರ ದಶಕದ ರಾಜಾಜಿನಗರದಲ್ಲಿ, ಗೋಡೆಗೆ ಗೋಡೆ ಅಂಟಿಕೊಂಡ ನಮ್ಮ ಸಾಲುಮನೆಗಳಲ್ಲಿ, ಇಂಥ ಸುಳ್ಳು ಎರಡು ದಿನವೂ ಬಾಳುತ್ತಿರಲಿಲ್ಲ. ನಲ್ಲಿಯ ಹತ್ತಿರ ಬಿಂದಿಗೆ ಇಟ್ಟವರೆಲ್ಲ "ದೊಡ್ಡ ಮಗಳು ಇನ್ನೂ ಹೊರಟಿಲ್ವಾ?" ಎಂದು ನಗುನಗುತ್ತಲೇ ಕೇಳುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಗೆ ಇನ್ನೊಂದು ಕಾರಣವೂ ಇತ್ತು, ಹೇಳಿಬಿಡುತ್ತೇನೆ. ನನ್ನನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರು ಅಕ್ಕನ ಸಂಗತಿ ತಿಳಿದು, ಆಮೇಲೆ ನೋಡೋಣ ಎಂದು ಹೇಳಿಕಳಿಸಿದ್ದರು.

ಅಪ್ಪ ಮಾತು ಕಡಿಮೆ ಮಾಡಿದ್ದರು. ಅಮ್ಮನಿಗೆ ಊಟ ಸೇರುತ್ತಿರಲಿಲ್ಲ. ಎಲ್ಲರ ಮನಸ್ಸೂ ಒಂದಿಷ್ಟು ಹಗುರಾಗಲಿ ಎಂದು ನಾನೇ ಹಟ ಹಿಡಿದು ಅಮ್ಮನನ್ನೂ ಅಕ್ಕನನ್ನೂ ಮ್ಯಾಟಿನಿಗೆ ಹೊರಡಿಸಿದೆ. ಒಳ್ಳೆಯ ಸಂಸಾರದ ಚಿತ್ರ, ಒಂದು ಹೊಡೆದಾಟವೂ ಇಲ್ಲ ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು.

ಚಿತ್ರದಲ್ಲಿ ಒಬ್ಬಳು ಗಯ್ಯಾಳಿ ಅತ್ತೆ, ಒಬ್ಬಳು ಬಾಯಿಸತ್ತ ಸೊಸೆ. ಅತ್ತೆ ಕಾಯಿಲೆ ಬೀಳುತ್ತಾಳೆ, ಸೊಸೆ ಹಗಲಿರುಳು ಆರೈಕೆ ಮಾಡುತ್ತಾಳೆ. ಕಡೆಗೆ ಅತ್ತೆ ಕೈಮುಗಿದು ಕ್ಷಮೆ ಕೇಳಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಹೆಂಗಸರ ಸಾಲಿನಲ್ಲಿ ಸೆರಗು ಒದ್ದೆಯಾಗದವರಿರಲಿಲ್ಲ. ಅಮ್ಮ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ. ಅಕ್ಕ ಮಾತ್ರ ಕಡಲೆಕಾಯಿ ಪೊಟ್ಟಣವನ್ನು ಬಿಚ್ಚದೆ ಹಿಡಿದುಕೊಂಡು, ಪರದೆಯನ್ನು ಬಿಟ್ಟು ಅಮ್ಮನನ್ನೇ ನೋಡುತ್ತಿದ್ದಳು.

ನಡೆದು ಮನೆಗೆ ಬರುವಾಗ ಅಮ್ಮ ಚಿತ್ರದ ಹಾಡೊಂದನ್ನು ಗುನುಗಿದಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿ ಕಂಡು ತಿಂಗಳುಗಳೇ ಆಗಿದ್ದವು.

"ಅಮ್ಮ, ನಾನು ವಾಪಸ್ ಹೋಗ್ಲಾ?" ಎಂದಳು ಅಕ್ಕ.

ಅಮ್ಮ ರಸ್ತೆಯಲ್ಲೇ ನಿಂತು ಅವಳ ಕೆನ್ನೆ ಸವರಿದಳು. "ಹೋಗಮ್ಮ. ಅವ್ರೂ ಹೆಂಗಸೇ ಅಲ್ವಾ, ಮನಸ್ಸು ಕರಗದೇ ಇರತ್ತಾ?"

"ನಿಮ್ಮತ್ತೆ ಬದಲಾಗ್ತಾರೆ ಕಣೇ, ನೋಡ್ತಾ ಇರು," ಎಂದೆ ನಾನು. ಆ ಚಿತ್ರವನ್ನು ನಾನು ನಿಜಕ್ಕೂ ನಂಬಿದ್ದೆ. ಅವಳು ಹೊರಟರೆ ನನ್ನ ದಾರಿ ಸಲೀಸು ಎಂಬುದೂ ತಲೆಯಲ್ಲಿತ್ತು.

ಸೋಮವಾರ ಅಮ್ಮ ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ ಇಟ್ಟು ಅಕ್ಕನ ಮಡಿಲು ತುಂಬಿದಳು. ಅಪ್ಪ ಬಸ್ಸು ಹತ್ತಿಸಿ ಬಂದರು. ತಿಂಗಳೊಳಗೆ ಗಂಡಿನ ಕಡೆಯವರು ನನ್ನನ್ನು ನೋಡಿ ಒಪ್ಪಿದರು.

ಅಕ್ಕನ ಅತ್ತೆ ಬದಲಾಗಲಿಲ್ಲ. ಬೇಸಿಗೆಯಲ್ಲಿ ನನ್ನ ಮದುವೆಗೆ ಬಂದಾಗ ಅಕ್ಕ ಆ ಸೆಕೆಯಲ್ಲೂ ಮಣಿಕಟ್ಟಿನವರೆಗೆ ತೋಳಿದ್ದ ರವಿಕೆ ತೊಟ್ಟಿದ್ದಳು. ನಾನು ಅವಳನ್ನು ಒಳಕೋಣೆಗೆ ಎಳೆದುಕೊಂಡು ಹೋಗಿ, ತೋಳು ಸರಿಸಿ ನೋಡಿ, ಆವತ್ತು ಯಾಕೆ ಹೋಗುವ ಮಾತೆತ್ತಿದೆ ಎಂದು ಅಳುತ್ತಲೇ ಬೈದೆ. ತಪ್ಪು ನನ್ನದಾದಾಗ ನನಗೆ ಬೈಗುಳವೇ ಮೊದಲು ಬರುವುದು.

ಅಕ್ಕ ನನ್ನ ಜಡೆಯ ಹೂವು ಸರಿಮಾಡಿದಳು. "ಬೇಡ ಅಂತೀರೇನೋ ಅಂತ ಕೇಳ್ದೆ ಕಣೇ," ಎಂದಳು. "ನೀನಾದ್ರೂ ಅಂತೀಯ ಅನ್ಕೊಂಡಿದ್ದೆ."

ಮುಹೂರ್ತಕ್ಕೆ ಹೊತ್ತಾಯಿತು ಎಂದು ಹೊರಗಿನಿಂದ ಯಾರೋ ಕರೆದರು. ನಾನು ಕಣ್ಣೊರೆಸಿಕೊಂಡು ಹೋಗಿ ಹಸೆಮಣೆಯ ಮೇಲೆ ಕುಳಿತೆ.